ಉತ್ತರಿಸು, ಸಿದ್ಧಪಡಿಸು: ಇಂಗ್ಲಿಷಿನ ಕೆಲವು ನಾನಾರ್ಥ ಕ್ರಿಯಾಪದಗಳು ಮತ್ತು ಕನ್ನಡ ಸಂವಾದಿ ಪದಗಳು

ನಾನಾರ್ಥಪದಗಳನ್ನು ಪ್ರತ್ಯೇಕವಾಗಿ ಗುರುತಿಸುವ ಪರಂಪರೆ ನಮಗೆ ಹೊಸದಲ್ಲ. ಅಮರಕೋಶವು ಅದಕ್ಕೆಂದೇ ಒಂದು ನಾನಾರ್ಥವರ್ಗವನ್ನು ಇರಿಸಿಕೊಂಡಿದೆ. ಆದರೆ ದ್ವಿಭಾಷಾ ನಿಘಂಟಿನಲ್ಲಿ ಸಮಸ್ಯೆಯ ಸ್ವರೂಪವೇ ಬೇರೆ. ಅಲ್ಲಿ ಒಂದು ಭಾಷೆಯ ನಾನಾರ್ಥಪದಕ್ಕೆ ಮತ್ತೊಂದು ಭಾಷೆಯ ನಾನಾರ್ಥಪದ ಎದುರಾಗುತ್ತದೆ. ಎರಡರ ಅರ್ಥಗಳೂ ಸ್ವಲ್ಪ ದೂರ ಜೊತೆಯಾಗಿ ಸಾಗಿ ಅನಂತರ ಬೇರೆ ಬೇರೆ ದಾರಿ ಹಿಡಿಯುತ್ತವೆ. 1824ರ ವಿಲಿಯಂ ರೀವ್ ನಿಘಂಟಿನಿಂದ ಮೊದಲ್ಗೊಂಡು ಇಂಗ್ಲಿಷ್-ಕನ್ನಡ ನಿಘಂಟುಕಾರರೆಲ್ಲರೂ ಎದುರಿಸಬೇಕಾದ ಪ್ರಶ್ನೆಯಿದು. ಮರುನುಡಿಯುವ ಮತ್ತು ಅಣಿಗೊಳಿಸುವ ಕ್ರಿಯೆಗಳಿಗೆ ಸಂಬಂಧಿಸಿದ ಕೆಲವೇ ಪದಗಳ ಮೂಲಕ ಅದನ್ನು ಇಲ್ಲಿ ಪರಿಶೀಲಿಸಲಾಗಿದೆ.

‘ಆನ್ಸರ್’, ‘ರಿಪ್ಲೈ’, ‘ರೆಸ್ಪಾಂಡ್’ ಈ ಮೂರಕ್ಕೂ ನಾವು ‘ಉತ್ತರಿಸು’ ಎಂದು ಬರೆದು ಮುಗಿಸುವುದು ರೂಢಿ. ಆದರೆ ಇವುಗಳ ಹುಟ್ಟು ಒಂದೇ ಬಗೆಯದಲ್ಲ. ‘ಆನ್ಸರ್’ ಹಳೆಯ ಇಂಗ್ಲಿಷಿನಲ್ಲಿ ಆಪಾದನೆಗೆ ಎದುರಾಗಿ ಆಣೆಯಿಟ್ಟು ಹೇಳುವ ಮಾತು. ಲ್ಯಾಟಿನ್ ಮೂಲದ ‘ರೆಸ್ಪಾಂಡ್’ನಲ್ಲಿರುವುದು ಮರಳಿ ವಾಗ್ದಾನ ಮಾಡುವ ಭಾವ. ‘ರಿಪ್ಲೈ’ ಹಿಂದಕ್ಕೆ ಮಡಚುವುದು. ‘ರೆಪ್ಲಿಕಾ’ ಅದರ ದಾಯಾದಿ. ನಮ್ಮ ‘ಉತ್ತರ’ವಾದರೋ ಮೇಲಿನದು, ಅನಂತರದ್ದು ಎಂಬ ಅರ್ಥದಿಂದ ಬಂದದ್ದು. ಉತ್ತರಕಾಂಡ, ಉತ್ತರಕ್ರಿಯೆ, ಉತ್ತರಾಧಿಕಾರಿ ಎಂಬಲ್ಲೆಲ್ಲ ಉಳಿದಿರುವುದು ಆ ಅರ್ಥವೇ. ಆಣೆಯ ಭಾರ ಅದಕ್ಕಿಲ್ಲ.

ಆ ಭಾರವನ್ನು ಕನ್ನಡದಲ್ಲಿ ಹೊತ್ತಿರುವುದು ಅರಬ್ಬಿ ಮೂಲದ ‘ಜವಾಬು’ ಎಂಬುದು ಗಮನಾರ್ಹ. ‘ಆನ್ಸರ್’ನಿಂದ ‘ಆನ್ಸರಬಲ್’, ‘ರೆಸ್ಪಾಂಡ್’ನಿಂದ ‘ರೆಸ್ಪಾನ್ಸಿಬಲ್’ ಬಂದಂತೆಯೇ ‘ಜವಾಬು’ವಿನಿಂದ ‘ಜವಾಬ್ದಾರಿ’ ಬಂದಿದೆ. ಕೇಳಿದ್ದಕ್ಕೆ ಮಾತು ಕೊಡಬೇಕಾದವನೇ ಹೊಣೆಗಾರ ಎಂಬ ತಿಳಿವಳಿಕೆಗೆ ಇಂಗ್ಲಿಷೂ ಅರಬ್ಬಿ-ಪಾರಸಿಗಳೂ ಬೇರೆ ಬೇರೆ ದಾರಿಗಳಿಂದ ತಲುಪಿವೆ. ಆಡಳಿತ ಕನ್ನಡದ ‘ಉತ್ತರದಾಯಿತ್ವ’ ಇದೇ ಸಂಬಂಧವನ್ನು ಸಂಸ್ಕೃತದ ಸಾಮಗ್ರಿಯಿಂದ ಕಟ್ಟಿದ ಪದ. ಆದರೆ ಅದು ಕಡತದಿಂದ ಹೊರಗೆ ಹೆಚ್ಚು ನಡೆದಾಡಿಲ್ಲ. (ಜೊತೆಯ ‘ಸವಾಲು’ ಮಾತ್ರ ಕನ್ನಡದಲ್ಲಿ ಪ್ರಶ್ನೆಯ ಅರ್ಥವನ್ನು ಬಹುಮಟ್ಟಿಗೆ ಬಿಟ್ಟು ಪಂಥಾಹ್ವಾನವಾಯಿತು. ನ್ಯಾಯಾಲಯದ ‘ಪಾಟೀಸವಾಲು’ ಮತ್ತು ಹರದೇಶಿ-ನಾಗೇಶಿ ಹಾಡುಗಾರಿಕೆಯ ಸವಾಲು-ಜವಾಬುಗಳಲ್ಲಿ ಹಳೆಯ ಅರ್ಥ ಉಳಿದಿದೆ.)

ಪ್ರಯೋಗದ ಮಟ್ಟಕ್ಕೆ ಬಂದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಇಂಗ್ಲಿಷಿನವರು ಬಾಗಿಲನ್ನೂ ‘ಆನ್ಸರ್’ ಮಾಡುತ್ತಾರೆ, ಫೋನನ್ನೂ ಮಾಡುತ್ತಾರೆ; ಪ್ರಾರ್ಥನೆಯೂ ‘ಆನ್ಸರ್’ ಆಗುತ್ತದೆ. ಕನ್ನಡದಲ್ಲಿ ಬಾಗಿಲನ್ನು ತೆರೆಯುತ್ತೇವೆ, ಫೋನನ್ನು ಎತ್ತುತ್ತೇವೆ, ಪ್ರಾರ್ಥನೆ ಫಲಿಸುತ್ತದೆ. ಹಿರಿಯರಿಗೆ ಕಿರಿಯರು ಕೊಡುವುದು ಎದುರುತ್ತರ. ನೋಟಿಸಿಗೆ ನೌಕರ ಕೊಡುವುದು ಸಮಜಾಯಿಷಿ. ಕರೆಗೆ ಕೊಡುವುದು ‘ಓ’. ಎಂದರೆ ಇಂಗ್ಲಿಷ್ ಒಂದೇ ಕ್ರಿಯಾಪದವನ್ನು ಹಿಗ್ಗಿಸುವಲ್ಲಿ ಕನ್ನಡವು ಯಾವುದಕ್ಕೆ, ಯಾರಿಗೆ ಎಂಬುದನ್ನು ನೋಡಿ ಪದವನ್ನು ಆರಿಸುತ್ತದೆ. ಆದ್ದರಿಂದ ಕರ್ಮಪದವನ್ನು ಕೊಡದೆ ಕ್ರಿಯಾಪದದ ಅರ್ಥವನ್ನಷ್ಟೇ ಕೊಡುವ ನಿಘಂಟು ಅನುವಾದಕನಿಗೆ ಅರ್ಧ ದಾರಿಯವರೆಗೆ ಮಾತ್ರ ಜೊತೆಯಾಗುತ್ತದೆ.

ಇದರ ಪರಿಣಾಮವನ್ನು ‘ಸ್ಪಂದಿಸು’ ಪದದಲ್ಲಿ ಕಾಣಬಹುದು. ಮಿಡಿ, ಅದುರು ಎಂಬ ಅರ್ಥದ ಈ ಪದ ಇಂದು ಪತ್ರಿಕಾಭಾಷೆಯಲ್ಲಿ ‘ರೆಸ್ಪಾಂಡ್’ಗೆ ನಿಯತ ಸಂವಾದಿಯಾಗಿದೆ. ಸರ್ಕಾರ ಬೇಡಿಕೆಗೆ ಸ್ಪಂದಿಸುತ್ತದೆ, ರೋಗಿ ಚಿಕಿತ್ಸೆಗೆ ಸ್ಪಂದಿಸುತ್ತಾನೆ. ಮೊದಲನೆಯದರಲ್ಲಿ ಲಾಭವಿದೆ; ಮನಸ್ಸು ಮಿಡಿಯಬೇಕೆಂಬ ನಿರೀಕ್ಷೆ ಬರಿಯ ‘ಉತ್ತರಿಸು’ವಿನಲ್ಲಿ ಇರಲಿಲ್ಲ. ಎರಡನೆಯದು ಅಷ್ಟು ಹಿತವಲ್ಲ. ಚಿಕಿತ್ಸೆ ಫಲಿಸಿತು, ಮದ್ದು ಹಿಡಿಯಿತು ಎಂಬ ಮಾತುಗಳಲ್ಲಿ ಕರ್ತೃಸ್ಥಾನ ಚಿಕಿತ್ಸೆಯದು. ‘ರೋಗಿ ಸ್ಪಂದಿಸಲಿಲ್ಲ’ ಎಂದೊಡನೆ ಸೋಲು ರೋಗಿಯ ಪಾಲಿಗೆ ಬರುತ್ತದೆ. ಇಲ್ಲಿ ಬದಲಾದದ್ದು ಪದ ಮಾತ್ರವಲ್ಲ, ವಾಕ್ಯದ ಕರ್ತೃ. ಇದೇ ವೇಳೆಗೆ ‘ಓಗೊಡು’ ಎಂಬ ಸೊಗಸಾದ ಪದ ಬಳಕೆಯಿಂದ ಸರಿಯುತ್ತಿರುವುದನ್ನು ತರಗತಿಯಲ್ಲಿ ಪಾಠ ಹೇಳುವವರೆಲ್ಲ ಬಲ್ಲರು.

ಅಣಿಗೊಳಿಸುವ ಪದಗಳಲ್ಲಿ ‘ಡ್ರೆಸ್’ ಕುತೂಹಲಕರವಾದುದು. ನೇರಗೊಳಿಸು, ಅಣಿಮಾಡು ಎಂಬ ಫ್ರೆಂಚ್ ಮೂಲದ ಅರ್ಥದಿಂದ ಹೊರಟ ಅದು ಗಾಯಕ್ಕೆ, ಕಲ್ಲಿಗೆ, ತೊಗಲಿಗೆ, ಮಾಂಸಕ್ಕೆ, ಕೊನೆಗೆ ಮೈಗೂ ಹಬ್ಬಿತು. ಉಡುಪೆಂಬುದು ಆ ಹಬ್ಬುಗೆಯ ಒಂದು ಕವಲಷ್ಟೆ. ಕನ್ನಡದಲ್ಲಿ ಇದಕ್ಕೆ ಹತ್ತಿರವಾಗಿ ನಿಲ್ಲುವುದು ‘ಹದ’. ತೊಗಲನ್ನೂ ಮಣ್ಣನ್ನೂ ಹದ ಮಾಡುತ್ತೇವೆ, ಪಾಕಕ್ಕೂ ಹದವುಂಟು. ಆದರೆ ಗಾಯಕ್ಕೆ ಕಟ್ಟುವುದು ಪಟ್ಟಿ. ‘ಹದ’ದಲ್ಲಿ ವಸ್ತುವೇ ಪಕ್ವವಾಗುವ ಭಾವ ಪ್ರಧಾನ, ‘ಡ್ರೆಸ್’ನಲ್ಲಿ ಮಾಡುವವನ ಕೈ ಪ್ರಧಾನ. ‘ಪ್ರಿಪೇರ್’ಗೆ ಎಲ್ಲೆಡೆಯೂ ‘ಸಿದ್ಧಪಡಿಸು’ ಎನ್ನುವ ಇಂದಿನ ಬರಹದಲ್ಲಿ ಮೊಸರು ಹೆಪ್ಪಾಗುವುದೂ ಹೊಲ ಹಸನಾಗುವುದೂ ಒಂದೇ ಕ್ರಿಯೆಯಾಗಿಬಿಡುತ್ತವೆ.

ವ್ಯಾಪ್ತಿಗಳು ಕೂಡಿಬರುವ ಎಡೆಯೂ ಇದೆ. ‘ಪ್ರಿಪೇರ್ಡ್’ ಎಂಬುದಕ್ಕೆ ಸಜ್ಜಾಗಿರುವ ಅರ್ಥದ ಜೊತೆಗೆ ಒಪ್ಪಿಗೆಯ ಅರ್ಥವೂ ಇದೆ. ‘ಸಿದ್ಧ’ಕ್ಕೂ ಅವೆರಡೂ ಇವೆ. ‘ಸಾಕ್ಷಿ ಹೇಳಲು ನಾನು ಸಿದ್ಧನಿಲ್ಲ’ ಎಂದವನು ಕಾಲಾವಕಾಶ ಕೇಳುತ್ತಿದ್ದಾನೆಯೇ, ನಿರಾಕರಿಸುತ್ತಿದ್ದಾನೆಯೇ? ಕನ್ನಡದಲ್ಲಿ ದಾಖಲಾದ ಇಂತಹ ಹೇಳಿಕೆ ಮೇಲ್ಮನವಿಗಾಗಿ ಇಂಗ್ಲಿಷಿಗೆ ಹೋಗುವಾಗ, ‘ಪ್ರಿಪೇರ್ಡ್’ ಎಂಬ ಪದ ಆ ಸಂದಿಗ್ಧತೆಯನ್ನು ಹಾಗೆಯೇ ಉಳಿಸುತ್ತದೆ. ‘ವಿಲ್ಲಿಂಗ್’ ಎಂದು ಬರೆದ ಅನುವಾದಕ ಅಲ್ಲಿಯೇ ಒಂದು ತೀರ್ಮಾನ ಕೊಟ್ಟಿರುತ್ತಾನೆ.