ಆರೋಗ್ಯ ಸಂವಹನದಲ್ಲಿ ಪಿಎಚ್‌.ಡಿ: ವಿಭಾಗಕ್ಕಿಂತ ಮೊದಲು ಪ್ರಶ್ನೆ ಹುಡುಕಿ

ಪ್ರಶ್ನೆ: ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿ, ಸ್ಥಳೀಯ ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದೇನೆ. ಮಂಗನ ಕಾಯಿಲೆ ಬಗ್ಗೆ ಸಾಕಷ್ಟು ಬರೆದಿದ್ದೇನೆ. ಆರೋಗ್ಯ ಸಂವಹನದಲ್ಲಿ ಪಿಎಚ್‌.ಡಿ. ಮಾಡಬೇಕೆಂದಿದೆ, ಆದರೆ ಆ ಹೆಸರಿನ ವಿಭಾಗವೇ ಕಣ್ಣಿಗೆ ಬೀಳುತ್ತಿಲ್ಲ. ಸಾರ್ವಜನಿಕ ಆರೋಗ್ಯದವರು ‘ನೀವು ಮೆಡಿಕಲ್ ಕಡೆಯವರಲ್ಲ’ ಅನ್ನುತ್ತಾರೆ. ಪತ್ರಿಕೋದ್ಯಮದವರು ‘ಇದು ಡಾಕ್ಟರುಗಳ ವಿಷಯ’ ಅಂತಾರೆ. ‘ಮಂಗನ ಕಾಯಿಲೆ ಕುರಿತು ಗ್ರಾಮೀಣ ಜನರ ಅರಿವು: ಒಂದು ಅಧ್ಯಯನ’ ಎಂಬ ವಿಷಯ ಇಟ್ಟುಕೊಂಡಿದ್ದೇನೆ. ಸರಿಯೇ?
— ಓದುಗಿ, ತೀರ್ಥಹಳ್ಳಿ

ಉತ್ತರ: ವಿಷಯ ಸರಿಯಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ‘ಅರಿವು: ಒಂದು ಅಧ್ಯಯನ’ ಎಂಬ ಬಾಲವಿರುವ ಪ್ರಬಂಧಗಳು ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ರಾಶಿ ಬಿದ್ದಿವೆ. ಮನೆಮನೆಗೆ ಹೋಗಿ ‘ನಿಮಗೆ ಇದು ಗೊತ್ತೇ?’ ಎಂದು ಕೇಳಿ, ಶೇಕಡಾವಾರು ಲೆಕ್ಕ ಹಾಕಿ, ಕೊನೆಯಲ್ಲಿ ‘ಇನ್ನಷ್ಟು ಜಾಗೃತಿ ಅಗತ್ಯ’ ಎಂದು ಬರೆದರೆ ಅದು ಸರ್ವೆ ಆಗುತ್ತದೆ, ಸಂಶೋಧನೆ ಆಗುವುದಿಲ್ಲ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಪತ್ತೆಯಾದದ್ದು 1957ರಲ್ಲಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬಾರದು ಅನ್ನುವುದು ನಿಮ್ಮೂರಿನ ಶಾಲಾ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಜನ ಯಾಕೆ ರೋಗಕ್ಕೆ ಸಿಕ್ಕಿಬೀಳುತ್ತಾರೆ ಅನ್ನುವುದು ನಿಮ್ಮ ಪ್ರಶ್ನೆಯಾಗಲಿ. ಇದನ್ನು ಹರಡುವ ಉಣುಗಿನ ಕಾಟ, ರೋಗದ ಹಾವಳಿ ಹೆಚ್ಚುವುದು ಡಿಸೆಂಬರ್‌ನಿಂದ ಮೇ ತನಕ. ಕೊಟ್ಟಿಗೆಗೆ, ಅಡಿಕೆ ತೋಟಕ್ಕೆ ಕಾಡಿನ ದರಗು (ಒಣಗಿ ಉದುರಿದ ಎಲೆ) ಗುಡಿಸಿ ತರುವ ಕಾಲವೂ ಅದೇ. ಆರೋಗ್ಯ ಕೇಂದ್ರದ ಗೋಡೆಯ ಮೇಲೆ ‘ಕಾಡಿಗೆ ಹೋಗಬೇಡಿ’ ಎಂದು ಪೋಸ್ಟರ್ ಇದೆ. ಹಾಗಾದರೆ ದರಗು ತರುವವರು ಯಾರು? ಪೋಸ್ಟರ್ ಬರೆಸಿದವರು ಆ ಪ್ರಶ್ನೆಯನ್ನು ಕೇಳಿಕೊಂಡಂತಿಲ್ಲ. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ. ದರಗಿನ ಕಲ್ಲಿ ಹೊರುವ ಹೆಂಗಸು ಅದನ್ನು ಹಚ್ಚಿಕೊಳ್ಳುತ್ತಾಳೋ, ಅಟ್ಟದ ಮೇಲಿಡುತ್ತಾಳೋ, ಯಾಕೆ?

ಇನ್ನೊಂದು, ಇದಕ್ಕಿಂತ ದೊಡ್ಡದು. ವರ್ಷಗಟ್ಟಲೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಲಾಯಿತು. ಹೊಸದನ್ನು ತಯಾರಿಸುವ ಯತ್ನ ನಡೆದಿದೆ. ನಾಳೆ ಅದು ಬಂದಾಗ, ಹಿಂದೆ ಮನೆಬಾಗಿಲಿಗೆ ಹೋಗಿ ‘ಹಾಕಿಸಿಕೊಳ್ಳಿ’ ಎಂದು ಒಪ್ಪಿಸಿದ್ದ ಅದೇ ಆಶಾ ಕಾರ್ಯಕರ್ತೆ ಯಾವ ಮುಖ ಹೊತ್ತು ಮತ್ತೆ ಹೋಗಬೇಕು? ಊರವರು ಅವಳನ್ನು ಏನು ಕೇಳುತ್ತಾರೆ? ಇಲ್ಲಿ ಒಂದಲ್ಲ, ಎರಡು ಪಿಎಚ್‌.ಡಿ.ಗೆ ಆಗುವಷ್ಟು ಸರಕಿದೆ.

ಅಂದಹಾಗೆ, ಈ ಶಾಸ್ತ್ರ ಬೆಳೆದದ್ದೂ ಇಂಥ ಪ್ರಶ್ನೆಗಳಿಂದಲೇ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಕ್ಷಯ ಪತ್ತೆಗೆ ಪುಕ್ಕಟೆ ಎಕ್ಸ್‌ರೇ ತೆಗೆಯುತ್ತೇವೆಂದರೂ ಅನೇಕರು ಬರುತ್ತಿರಲಿಲ್ಲ. ಯಾಕೆ ಬರುವುದಿಲ್ಲ ಎಂದು ಅಲ್ಲಿನ ಮನೋವಿಜ್ಞಾನಿಗಳು ಕೆದಕಿದ್ದರಿಂದ ‘ಹೆಲ್ತ್ ಬಿಲೀಫ್ ಮಾಡೆಲ್’ ಹುಟ್ಟಿತು. ಇವತ್ತಿಗೂ ಅದಿಲ್ಲದ ಪ್ರಬಂಧ ಅಪರೂಪ. ಅದನ್ನು ಅರ್ಥ ಮಾಡಿಕೊಂಡು ಬಳಸಿದ್ದು ಇನ್ನೂ ಅಪರೂಪ.

‘ಮೆಡಿಕಲ್ ಕಡೆಯವರಲ್ಲ’ ಅನ್ನುವವರಿಗೆ ಒಂದು ಉದಾಹರಣೆ ಕೊಡಿ. ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ಆರೋಗ್ಯ ಸಂವಹನದ ಪ್ರೊಫೆಸರ್ ಆಗಿರುವ ಕೆ. ವಿಶ್ವನಾಥ್ ಅವರು ಪಿಎಚ್‌.ಡಿ. ಮಾಡಿದ್ದು ಸಮೂಹ ಸಂವಹನದಲ್ಲಿ.

ವಿಭಾಗದ ಹೆಸರು ಹುಡುಕುತ್ತಾ ಕೂರಬೇಡಿ, ಮಾರ್ಗದರ್ಶಕರನ್ನು ಹುಡುಕಿ. ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್, ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ದೆಹಲಿ ಜೆಎನ್‌ಯುನ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಕೇಂದ್ರ, ಇವುಗಳ ಅಧ್ಯಾಪಕರ ಇತ್ತೀಚಿನ ಪ್ರಬಂಧಗಳನ್ನು ಓದಿ. ಅರ್ಹತೆಯ ನಿಯಮ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನೋಡಿ. ಎಲ್ಲೂ ಹೊಂದದಿದ್ದರೆ ಪತ್ರಿಕೋದ್ಯಮ ವಿಭಾಗದಲ್ಲೇ ನೋಂದಾಯಿಸಿ, ಸಾರ್ವಜನಿಕ ಆರೋಗ್ಯದವರೊಬ್ಬರನ್ನು ಸಹ ಮಾರ್ಗದರ್ಶಕರಾಗಿ ಕೇಳಿಕೊಳ್ಳಿ. ಯುಜಿಸಿಯ 2022ರ ನಿಯಮಾವಳಿ ಸಹ ಮಾರ್ಗದರ್ಶಕರಿಗೆ ಅವಕಾಶ ಕೊಟ್ಟಿದೆ. ನಿಮಗೆ ಕಡಿಮೆ ಬೀಳುವುದು ಸೋಂಕುಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ. ಕೋರ್ಸ್‌ವರ್ಕ್‌ನ ಕನಿಷ್ಠ 12 ಕ್ರೆಡಿಟ್‌ಗಳಲ್ಲಿ ಅದನ್ನೇ ತುಂಬಿಸಿಕೊಳ್ಳಿ.

ಪ್ರಶ್ನೆ: ಬಿಡಿಎಸ್, ನಂತರ ಎಂಪಿಎಚ್ ಮುಗಿಸಿದ್ದೇನೆ. ಅಮೆರಿಕದಲ್ಲಿ ಮುಂದೆ ಓದಬೇಕು. ಪಿಎಚ್‌.ಡಿ. ಒಳ್ಳೆಯದೋ, ಡಿಆರ್‌ಪಿಎಚ್ (ಡಾಕ್ಟರ್ ಆಫ್ ಪಬ್ಲಿಕ್ ಹೆಲ್ತ್) ಒಳ್ಳೆಯದೋ?
— ಹುಬ್ಬಳ್ಳಿಯ ಯುವಕ

ಉತ್ತರ: ಸಂಶೋಧಕ, ಅಧ್ಯಾಪಕ ಆಗುವವರಿಗೆ ಪಿಎಚ್‌.ಡಿ. ಕಾರ್ಯಕ್ರಮಗಳನ್ನು, ಇಲಾಖೆಗಳನ್ನು ನಡೆಸುವವರಿಗೆ ಡಿಆರ್‌ಪಿಎಚ್. ಆದರೆ ನಮ್ಮಂಥವರಿಗೆ ನಿಜವಾದ ವ್ಯತ್ಯಾಸ ದುಡ್ಡಿನದು. ಪಿಎಚ್‌.ಡಿ.ಗೆ ಸೇರಿಸಿಕೊಂಡವರಿಗೆ ಬಹಳಷ್ಟು ಕಡೆ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತಾರೆ. ಡಿಆರ್‌ಪಿಎಚ್ ಹೆಚ್ಚಿನಂಶ ಕೈಯಿಂದ ಹಾಕಿ ಓದುವಂಥದ್ದು. ಮನೆ ಪತ್ರ ಅಡವಿಟ್ಟು ಅದಕ್ಕೆ ಹೋಗಬೇಡಿ.

‘ಹೆಲ್ತ್ ಕಮ್ಯುನಿಕೇಷನ್’ ಎಂದು ಹುಡುಕಿದರೆ ಅಲ್ಲೂ ಪೂರ್ತಿ ಸಿಗುವುದಿಲ್ಲ. ಸಾರ್ವಜನಿಕ ಆರೋಗ್ಯ ಶಾಲೆಗಳಲ್ಲಿ ಅದು ‘ಸೋಷಿಯಲ್ ಅಂಡ್ ಬಿಹೇವಿಯರಲ್ ಸೈನ್ಸಸ್’ ಎಂಬ ಹೆಸರಿನ ಒಳಗಿರುತ್ತದೆ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆ ವಿಭಾಗದ ಹೆಸರು ‘ಹೆಲ್ತ್, ಬಿಹೇವಿಯರ್ ಅಂಡ್ ಸೊಸೈಟಿ’.

ಈಗಿನ ಗಾಳಿ ಮಾತ್ರ ಚೆನ್ನಾಗಿಲ್ಲ. ಅಮೆರಿಕ ಸರ್ಕಾರದ ವಿದೇಶಿ ನೆರವು ಕಡಿತವಾಗಿ, 2025ರ ಮಾರ್ಚ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ 80 ಕೋಟಿ ಡಾಲರ್‌ಗೂ ಹೆಚ್ಚಿನ ಅನುದಾನ ಕಳೆದುಕೊಂಡು 2,000ಕ್ಕೂ ಹೆಚ್ಚು ಹುದ್ದೆಗಳನ್ನು ತೆಗೆಯಬೇಕಾಯಿತು. ಪೆಟ್ಟು ಬಿದ್ದದ್ದರಲ್ಲಿ 1988ರಿಂದ ಇರುವ ಅಲ್ಲಿನ ಸಂವಹನ ಕಾರ್ಯಕ್ರಮಗಳ ಕೇಂದ್ರವೂ ಒಂದು. ಹಾಗಾಗಿ ಒಂದೇ ದೇಶಕ್ಕೆ ಜೋತುಬೀಳದೆ ಇಲ್ಲೂ ಅರ್ಜಿ ಹಾಕಿ. ಭಾರತದಲ್ಲಿ ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡವರು ಫುಲ್‌ಬ್ರೈಟ್–ನೆಹರೂ ಡಾಕ್ಟೋರಲ್ ಫೆಲೋಶಿಪ್‌ನಲ್ಲಿ 6ರಿಂದ 9 ತಿಂಗಳು ಅಲ್ಲಿ ಹೋಗಿ ಕೆಲಸ ಮಾಡಿ ಬರಬಹುದು. ನಾನಾದರೆ ಈ ದಾರಿ ಹಿಡಿಯುತ್ತೇನೆ.

ಪ್ರಶ್ನೆ: ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಯಾಗಿ ಕೆಲಸದಲ್ಲಿದ್ದೇನೆ, ವಯಸ್ಸು 43. ಎಂ.ಎಸ್‌.ಡಬ್ಲ್ಯೂ. ಆಗಿದೆ. ನೌಕರಿ ಬಿಡದೆ ಪಿಎಚ್‌.ಡಿ. ಮಾಡಬಹುದೇ? ನಮ್ಮ ತಾಲ್ಲೂಕಿನ ಆಶಾ ಕಾರ್ಯಕರ್ತೆಯರನ್ನೇ ಸಂದರ್ಶಿಸುವ ಯೋಚನೆ. ದೂರಶಿಕ್ಷಣದಲ್ಲಿ ಮಾಡಿಸಿಕೊಡುತ್ತೇವೆ ಎಂದು ಒಬ್ಬರು ಹೇಳಿದ್ದಾರೆ.
— ಹೆಸರು ಬೇಡ, ರಾಯಚೂರು ಜಿಲ್ಲೆ

ಉತ್ತರ: ‘ಮಾಡಿಸಿಕೊಡುತ್ತೇವೆ’ ಅಂದವರ ಕಡೆ ತಲೆ ಹಾಕಬೇಡಿ. ದೂರಶಿಕ್ಷಣ ಅಥವಾ ಆನ್‌ಲೈನ್ ಪಿಎಚ್‌.ಡಿ.ಗೆ ಯುಜಿಸಿ ಮಾನ್ಯತೆ ಇಲ್ಲ. ಅರೆಕಾಲಿಕವಾಗಿ ಮಾಡಬಹುದು, ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಇನ್ನೆರಡು ವರ್ಷ ರಿಯಾಯಿತಿ ಉಂಟು.

ಆದರೆ ನಿಮ್ಮ ತಾಲ್ಲೂಕಿನವರನ್ನೇ ಸಂದರ್ಶಿಸುವುದನ್ನು ಕೈಬಿಡಿ. ಸೋಮವಾರ ಮೀಟಿಂಗ್‌ನಲ್ಲಿ ‘ಯಾಕ್ರೀ ನಿಮ್ಮೂರಲ್ಲಿ ಲಸಿಕೆ ಕಡಿಮೆ?’ ಎಂದು ಕೇಳಿದ ಸಾಹೇಬರೇ ಬುಧವಾರ ರೆಕಾರ್ಡರ್ ಹಿಡಿದು ‘ಮನಸ್ಸು ಬಿಚ್ಚಿ ಮಾತಾಡಮ್ಮ’ ಅಂದರೆ ಆಕೆ ಏನು ಹೇಳಿಯಾಳು? ‘ಎಲ್ಲಾ ಚಲೋ ಐತ್ರಿ ಸರ’ ಅನ್ನುತ್ತಾಳೆ. ಒಪ್ಪಿಗೆ ಪತ್ರಕ್ಕೂ ಸಹಿ ಹಾಕುತ್ತಾಳೆ, ಹಾಕದೆ ಇರುವ ಧೈರ್ಯ ಇಲ್ಲದ್ದರಿಂದ. ಎಥಿಕ್ಸ್ ಸಮಿತಿ ಮೊದಲು ಕೇಳುವುದೇ ಇದನ್ನು. ಪಕ್ಕದ ಜಿಲ್ಲೆಗೆ ಹೋಗಿ, ಅಲ್ಲಿ ಹುದ್ದೆ ಹೇಳಿಕೊಳ್ಳುವ ಬಗೆಯನ್ನೂ ಮಾರ್ಗದರ್ಶಕರ ಜೊತೆ ಚರ್ಚಿಸಿ. ನಿಮ್ಮ ಇಷ್ಟು ವರ್ಷದ ಅನುಭವ ವ್ಯರ್ಥವಾಗುವುದಿಲ್ಲ. ಯಾವ ಪ್ರಶ್ನೆ ಕೇಳಿದರೆ ಯಾವ ಸಿದ್ಧ ಉತ್ತರ ಬರುತ್ತದೆ ಅನ್ನುವುದು ಹೊರಗಿನ ಸಂಶೋಧಕರಿಗಿಂತ ನಿಮಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಮಗಳಿಗೆ 26. ಎಂಪಿಎಚ್ ಆಯಿತು, ಈಗ ಆರೋಗ್ಯ ಸಂವಹನದಲ್ಲಿ ಪಿಎಚ್‌.ಡಿ. ಅನ್ನುತ್ತಾಳೆ. ಇದರಲ್ಲಿ ಹೊಟ್ಟೆ ತುಂಬುತ್ತದೆಯೇ?
— ಗೃಹಿಣಿ, ಮಂಡ್ಯ

ಉತ್ತರ: ಅಮ್ಮಾ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕಾಯಂ ಹುದ್ದೆಗಳು ಕಡಿಮೆ. ಸಾರ್ವಜನಿಕ ಆರೋಗ್ಯ ಕಾಲೇಜುಗಳಲ್ಲಿ ಪಾಠ, ಸಂಶೋಧನಾ ಸಂಸ್ಥೆಗಳು, ಯುನಿಸೆಫ್‌ನಂಥ ಕಡೆ ಸಾಮಾಜಿಕ ಮತ್ತು ನಡವಳಿಕೆ ಬದಲಾವಣೆಯ ಕೆಲಸ, ಇವೆಲ್ಲ ಇವೆ. ಆದರೆ ಬಹುಪಾಲು ಗುತ್ತಿಗೆ ಮೇಲೆ. ಓದುವಷ್ಟು ದಿನ ಮನೆಗೆ ಭಾರವಾಗದಿರಲು ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಒಂದೇ ಗಟ್ಟಿ ಆಸರೆ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದ ಮೇಲೆ 42,000; ಮನೆ ಬಾಡಿಗೆ ಭತ್ಯೆ ಬೇರೆ. ಅದನ್ನು ಕೊಡಿಸುವ ಯುಜಿಸಿ ನೆಟ್‌ನಲ್ಲಿ ‘ಸೋಷಿಯಲ್ ಮೆಡಿಸಿನ್ ಅಂಡ್ ಕಮ್ಯುನಿಟಿ ಹೆಲ್ತ್’ ಎಂಬ ವಿಷಯವೇ ಇದೆ, ಅದರಲ್ಲಿ ಬರೆಯಲಿ. ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ, ಆತುರವೇನಿಲ್ಲ. ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬಂದು, ನಂತರ ಒಟ್ಟಿಗೆ ಜಮೆ ಆಗುತ್ತದೆ. ಆ ಮಧ್ಯದ ಹಾಸ್ಟೆಲ್ ಫೀಸಿಗೆ ಒಂದಿಷ್ಟು ಕೈಯಲ್ಲಿಟ್ಟುಕೊಂಡಿರಿ.