ಮೊದಲು ಗ್ಲೌಸ್ ನೋಡು ತಮ್ಮಾ

ಡಯಾಲಿಸಿಸ್‌ಗೆ ಬರುವ ನಿನಗೆ ಕ್ರಿಯಾಟಿನಿನ್ ಎಷ್ಟು, ಪೊಟ್ಯಾಸಿಯಂ ಎಷ್ಟು, ಎಲ್ಲ ಬಾಯಿಪಾಠ. ಹೆಪಟೈಟಿಸ್ ಬಿ, ಸಿ ಪರೀಕ್ಷೆ ಕೊನೆಗೆ ಯಾವಾಗ ಆಯ್ತಪ್ಪಾ ಅಂದರೆ ಮಾತ್ರ ನನ್ನ ಮುಖ ನೋಡುತ್ತೀಯ. ಆಸ್ಪತ್ರೆಯಲ್ಲೇ ತಲೆ ನೆರೆಸಿಕೊಂಡ ಸಿಸ್ಟರ್ ನಾನು, ಹೇಳದೆ ಇರಲಾರೆ.

ಪಕ್ಕದ ಬೆಡ್ಡಿನವರ ಜೊತೆ ಮಾತಾಡಿದರೆ, ಅವರ ಡಬ್ಬಿಯ ಇಡ್ಲಿ ತಿಂದರೆ ಈ ವೈರಸ್ ಅಂಟುವುದಿಲ್ಲ. ಡಯಾಲಿಸಿಸ್ ಕೋಣೆಯಲ್ಲಿ ಅವು ದಾಟುವುದು ರಕ್ತದಿಂದ ರಕ್ತಕ್ಕೆ. ಬಿ ವೈರಸ್ಸಂತೂ ಒಣಗಿದ ರಕ್ತದ ಕಲೆಯಲ್ಲಿ ಏಳು ದಿನವಾದರೂ ಬದುಕಿರುತ್ತದೆ, ಆ ಕಲೆ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಒಬ್ಬರ ಸೂಜಿ ತೆಗೆದ ಗ್ಲೌಸಿನಲ್ಲೇ ಬಂದು ನಿನ್ನ ಮೆಷಿನ್ನಿನ ಅಲಾರಂ ಒತ್ತುತ್ತಾರಲ್ಲ, ಅಪಾಯ ಇರುವುದು ಅಲ್ಲಿ. ಹೆಪಾರಿನ್ ಬಾಟಲಿ ಟ್ರೇ ಏರಿ ಬೆಡ್ಡಿಂದ ಬೆಡ್ಡಿಗೆ ಮೆರವಣಿಗೆ ಹೊರಟರೂ ಅಷ್ಟೇ, ಪ್ಲಾಸ್ಟರ್ ಸುರುಳಿ ಒಬ್ಬರ ಜೇಬಿಂದ ಎಲ್ಲರ ಕೈಗೂ ಬಂದರೂ ಅಷ್ಟೇ. ‘ಸಿಸ್ಟರ್, ಗ್ಲೌಸ್ ಬದಲಾಯಿಸಿಬಿಡಿ’ ಅನ್ನು. ಶಿಫ್ಟ್ ಮೇಲೆ ಶಿಫ್ಟ್ ಓಡಿಸುವವರು ಪಾಪ, ಮುಖ ಸಿಂಡರಿಸಬಹುದು. ಸಿಂಡರಿಸಲಿ ಬಿಡು. ಡಯಲೈಸರ್ ತೊಳೆದು ಮತ್ತೆ ಬಳಸುವ ಕಡೆಯಾದರೆ, ಜೋಡಿಸುವ ಮುಂಚೆ ಅದರ ಮೇಲಿನ ಹೆಸರು ನೀನೇ ಓದು. ನಿನ್ನ ಹೆಸರಿನವರು ಇನ್ನೊಬ್ಬರಿದ್ದರೆ ನಂಬರನ್ನೂ ನೋಡು.

ಬಿ-ಗೆ ಲಸಿಕೆಯಿದೆ. ಆದರೆ ಕಿಡ್ನಿ ಸೋತ ಮೈಗೆ ಮಾಮೂಲಿ 20 ಮೈಕ್ರೋಗ್ರಾಂ ಸಾಲದು. 40 ಕೊಡುತ್ತಾರೆ, ಸಾಮಾನ್ಯವಾಗಿ 0, 1, 2, 6ನೇ ತಿಂಗಳಿಗೆ. ನಾಲ್ಕೂ ಮುಗಿಯಿತೆಂದು ನಿಶ್ಚಿಂತೆಯಾಗಿ ಕೂರಬೇಡ. ಒಂದೆರಡು ತಿಂಗಳಾದ ಮೇಲೆ ಟೈಟರ್, ಅಂದರೆ ರಕ್ತದಲ್ಲಿ ಬಿ ವಿರುದ್ಧದ ಆಂಟಿಬಾಡಿ ಎಷ್ಟಿದೆ ಅನ್ನುವ ಪರೀಕ್ಷೆ, ಮಾಡಿಸು. 10ಕ್ಕಿಂತ ಕಡಿಮೆ ಬಂದರೆ ಡಾಕ್ಟರನ್ನು ಬಿಡಬೇಡ, ಮುಂದೇನು ಅಂತ ಕೇಳು. ಬಂದ ಟೈಟರೂ ಇಳಿಯುತ್ತದೆ, ವರ್ಷಕ್ಕೊಮ್ಮೆ ನೋಡಿಸಬೇಕು. ಇನ್ನೊಂದು: ಲಸಿಕೆ ಹಾಕಿಸಿಕೊಂಡ ಎರಡು ಮೂರು ವಾರದೊಳಗೆ, ಬಿ ವೈರಸ್ ಇದೆಯೇ ಅಂತ ನೋಡುವ ಎಚ್‌ಬಿಎಸ್‌ಎಜಿ ಪರೀಕ್ಷೆ ಬೇಡ. ಲಸಿಕೆಯೇ ಪಾಸಿಟಿವ್ ಅನ್ನಿಸಿ ಮನೆಮಂದಿಯನ್ನೆಲ್ಲ ಅಳಿಸೀತು.

ಸಿ-ಗೆ ಲಸಿಕೆಯಿಲ್ಲ, ಮದ್ದಿದೆ. ಸೊಫೊಸ್ಬುವಿರ್, ವೆಲ್ಪಟಾಸ್ವಿರ್ ಸೇರಿದ ಮಾತ್ರೆ 12 ವಾರ ನುಂಗಿದರೆ ಹೆಚ್ಚಿನವರಿಗೆ ಪೂರ್ತಿ ವಾಸಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆ ಪುಕ್ಕಟೆ. ಹಾಗಾಗಿ ಆರು ತಿಂಗಳಿಗೊಮ್ಮೆ ಮಾಡುವ ಪರೀಕ್ಷೆಗೆ ಹೆದರಿ ತಪ್ಪಿಸಿಕೊಳ್ಳಬೇಡ. ಬಿ ಇರುವವರಿಗೆ ಬೇರೆ ಮೆಷಿನ್ ಬೇಕೇ ಬೇಕು. ಸಿ ಇದೆ ಅಂತ ಒಬ್ಬರನ್ನು ಮೂಲೆಗೆ ತಳ್ಳುವುದು ಮಾತ್ರ ನನಗೆ ಸರಿಕಾಣದು. ಕೈ ಶುದ್ಧವಿದ್ದರೆ ಅದರ ಅಗತ್ಯವೂ ಇಲ್ಲ.

ನಿನ್ನ ಪಕ್ಕದ ಬೆಡ್ಡಿನ ಯಜಮಾನರಿಗೆ ಸಿ ವಾಸಿಯಾಗಿದೆ ಅಂದೆಯಲ್ಲ, ಅವರಿಗೂ ಹೇಳು: ಆಂಟಿಬಾಡಿ ಆಮೇಲೂ ಪಾಸಿಟಿವ್ ಬರುತ್ತಲೇ ಇರುತ್ತದೆ. ಪರವೂರಿಗೆ ಮದುವೆಗೋ ಜಾತ್ರೆಗೋ ಹೋಗಿ ಅಲ್ಲಿ ಡಯಾಲಿಸಿಸ್ ಮಾಡಿಸುವುದಿದ್ದರೆ ವೈರಸ್ ಈಗ ಇಲ್ಲವೆಂದು ತೋರಿಸುವ ಆರ್‌ಎನ್‌ಎ ರಿಪೋರ್ಟ್ ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿರಲಿ.