ಬಿಳುಪಿನ ಭ್ರಮೆ ಮತ್ತು ಸೌಂದರ್ಯ ಸಾಧನಗಳು

ಮದ್ರಸ ಬಿಟ್ಟ ಬಳಿಕ ಓರ್ವ ತಾಯಿ ಒಂದು ಪುಟ್ಟ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. ಮಗಳ ನಿಕಾಹ್‌ಗೆ ಎರಡು ತಿಂಗಳಿತ್ತು. ಹುಡುಗನ ಕಡೆಯವರು "ಬಣ್ಣ ಸ್ವಲ್ಪ ಕಡಿಮೆ" ಎಂದಿದ್ದರಂತೆ. ಅದಕ್ಕಾಗಿ ಗಲ್ಫ್‌ನಿಂದ ತರಿಸಿದ ಕ್ರೀಮ್ ಅದು. "ಉಸ್ತಾದರೇ, ಇಂಥವುಗಳಲ್ಲಿ ಆಲ್ಕೋಹಾಲ್ ಇರುತ್ತದಂತೆ. ಹಚ್ಚಿಕೊಂಡು ನಮಾಝ್ ಮಾಡಬಹುದೇ?" ಎಂಬುದು ಅವರ ಪ್ರಶ್ನೆ. ಡಬ್ಬಿಯನ್ನು ತಿರುಗಿಸಿ ನೋಡಿದೆ. ಅದರಲ್ಲಿ ತಯಾರಕರ ವಿಳಾಸವಿರಲಿಲ್ಲ, ಒಳಗೇನಿದೆ ಎಂಬ ವಿವರವೂ ಇರಲಿಲ್ಲ. ಆ ತಾಯಿ ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆಯಾಗಿತ್ತು.

ಪ್ರಿಯ ಓದುಗರೇ, ಇಸ್ಲಾಮ್ ಅಲಂಕಾರದ ವಿರೋಧಿಯಲ್ಲ. ಅಲ್ಲಾಹನು ತನ್ನ ದಾಸರಿಗಾಗಿ ಹೊರತಂದ ಅಲಂಕಾರವನ್ನು ನಿಷಿದ್ಧಗೊಳಿಸುವವರನ್ನು ಪವಿತ್ರ ಕುರ್‌ಆನ್ (7:32) ಪ್ರಶ್ನಿಸುತ್ತದೆ. ಒಳ್ಳೆಯ ಉಡುಪು, ಒಳ್ಳೆಯ ಪಾದರಕ್ಷೆಯನ್ನು ಇಷ್ಟಪಡುವುದು ಅಹಂಕಾರವೇ ಎಂದು ಕೇಳಿದವರಿಗೆ ಪ್ರವಾದಿವರ್ಯರು(ಸ) ಅಲ್ಲವೆಂದರು. ಅಲ್ಲಾಹನು ಸೌಂದರ್ಯವನ್ನು ಮೆಚ್ಚುತ್ತಾನೆಂದೂ ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದೂ ತಿಳಿಸಿದರು (ಮುಸ್ಲಿಮ್). ಆದರೆ ಅಲಂಕಾರದ ಹೆಸರಿನಲ್ಲಿ ನಮ್ಮ ಮನೆಗಳಲ್ಲಿ ಬೇರೂರಿರುವ ಕೆಲವು ತಪ್ಪು ಕಲ್ಪನೆಗಳನ್ನು ನಾವು ಪರಿಶೀಲಿಸಲೇಬೇಕು.

ಮೊದಲನೆಯದು, ಬಿಳುಪೇ ಸೌಂದರ್ಯ ಎಂಬ ಭಾವನೆ. ಚರ್ಮಕ್ಕೆ ಬಣ್ಣ ನೀಡುವ ಮೆಲನಿನ್ ಒಂದು ಕೊಳೆಯಲ್ಲ. ಅದು ಸೂರ್ಯನ ನೇರಳಾತೀತ ಕಿರಣಗಳಿಂದ ಚರ್ಮವನ್ನು ಕಾಪಾಡಲು ಸೃಷ್ಟಿಕರ್ತನು ಇಟ್ಟ ರಕ್ಷಣೆ. ನಮ್ಮ ಬಣ್ಣಗಳ ವೈವಿಧ್ಯವನ್ನು ಕುರ್‌ಆನ್ (30:22) ಅಲ್ಲಾಹನ ನಿದರ್ಶನಗಳಲ್ಲಿ ಎಣಿಸುತ್ತದೆ. ಬಿಳಿಯನಿಗೆ ಕರಿಯನ ಮೇಲೆ ಭಕ್ತಿಯ ಹೊರತು ಯಾವ ಶ್ರೇಷ್ಠತೆಯೂ ಇಲ್ಲವೆಂದು ಪ್ರವಾದಿ(ಸ)ರು ವಿದಾಯ ಹಜ್ಜ್‌ನ ವೇಳೆ ಸಾರಿದರು. ಕಪ್ಪು ವರ್ಣದ ಬಿಲಾಲ್(ರ)ರ ಅದಾನನ್ನು ಅಭಿಮಾನದಿಂದ ಸ್ಮರಿಸುವ ನಾವು, ಹೆಣ್ಣು ನೋಡಲು ಹೋದಾಗ ಬಣ್ಣವನ್ನು ಅಳೆಯುತ್ತೇವೆ. ಇದೆಂತಹ ನ್ಯಾಯ?

ಎರಡನೆಯದು, ವಿದೇಶದ್ದಾದರೆ ಉತ್ತಮ, ಬೇಗನೆ ಬಿಳುಪಾಗಿಸಿದರೆ ಇನ್ನೂ ಉತ್ತಮ ಎಂಬ ನಂಬಿಕೆ. ನಿಜವಾಗಿ, ಒಂದೆರಡು ವಾರದಲ್ಲಿ ಮುಖ ಬೆಳ್ಳಗಾದರೆ ಸಂತೋಷಪಡುವ ಬದಲು ಅನುಮಾನಿಸಬೇಕು. ಪಾದರಸದ ಲವಣಗಳು ಮೆಲನಿನ್ ತಯಾರಿಯನ್ನು ತಡೆಯುತ್ತವೆ. ಆದರೆ ಅವು ಚರ್ಮದಲ್ಲೇ ನಿಲ್ಲದೆ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಹಾಳುಗೆಡವಬಲ್ಲವು. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಒಂದು ಬಗೆಯ ಮೂತ್ರಪಿಂಡದ ರೋಗದ 22 ಪ್ರಕರಣಗಳನ್ನು ಕಂಡರು. ಅವುಗಳಲ್ಲಿ 15 ಮಂದಿಗೆ ಅಪರೂಪದ ವಿಧವೊಂದು ಇತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದವರು! ಕ್ರೀಮ್ ನಿಲ್ಲಿಸಿದ ಬಳಿಕ ಹೆಚ್ಚಿನವರು ಚೇತರಿಸಿಕೊಂಡರು ಎಂಬುದು ಸಮಾಧಾನದ ವಿಷಯ. ನಮ್ಮ ದೇಶದ 2020ರ ಸೌಂದರ್ಯ ಸಾಧನಗಳ ನಿಯಮದಂತೆ ಪಾದರಸ ಬೆರೆಸುವಂತಿಲ್ಲ. ಕಣ್ಣಿನ ಸುತ್ತ ಬಳಸುವವುಗಳನ್ನು ಬಿಟ್ಟು ಉಳಿದವುಗಳಲ್ಲಿ, ತಿಳಿಯದೆ ಸೇರಿದರೂ ಅದು ಹತ್ತು ಲಕ್ಷದಲ್ಲಿ 1 ಭಾಗವನ್ನು ಮೀರಬಾರದು.

ಇನ್ನು ಕೆಲವು ಕ್ರೀಮ್‌ಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಅದು ವೈದ್ಯರ ಚೀಟಿಯಿಂದ ಮಾತ್ರ ಪಡೆಯಬೇಕಾದ ಔಷಧಿ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆಗಳೇಳುತ್ತವೆ. ಬಿಟ್ಟರೆ ಉರಿ ಹೆಚ್ಚುತ್ತದೆಂದು ಮತ್ತೆ ಹಚ್ಚುತ್ತಾರೆ. ಹೀಗೆ ಅದೊಂದು ಚಟವಾಗಿ ಬಿಡುತ್ತದೆ.

ಮೂರನೆಯದು, ನೈಸರ್ಗಿಕವಾದುದೆಲ್ಲ ನಿರಪಾಯಕಾರಿ ಎಂಬ ಕಲ್ಪನೆ. ಪಾದರಸ ಮತ್ತು ಸೀಸ ಕೂಡ ನೈಸರ್ಗಿಕವೇ ತಾನೇ? ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಲೆ ಉಳಿಯುತ್ತದೆ. "ಕೆಮಿಕಲ್ ರಹಿತ" ಎಂಬ ಮಾತಿಗಂತೂ ಅರ್ಥವೇ ಇಲ್ಲ. ನಾವು ವುಝೂ ಮಾಡುವ ನೀರೂ ಒಂದು ರಾಸಾಯನಿಕ ವಸ್ತುವೇ.

ಸುರ್ಮಾದ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಪ್ರವಾದಿ(ಸ)ರು ಹಚ್ಚಲು ಸಲಹೆ ನೀಡಿದ್ದು 'ಇಸ್ಮಿದ್' ಎಂಬ ಸುರ್ಮಾವನ್ನು. ಅದನ್ನು ಆಂಟಿಮನಿಯ ಕಲ್ಲೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಇಂದು ಪೇಟೆಯಲ್ಲಿ ಸುರ್ಮಾ ಎಂದು ಮಾರುವ ಅನೇಕ ಪುಡಿಗಳಲ್ಲಿರುವುದು ಸೀಸದ ಸಲ್ಫೈಡ್. ಮಕ್ಕಳ ದೇಹದಲ್ಲಿ ಸೀಸ ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲ. ಅದು ಬೆಳೆಯುವ ಮೆದುಳಿಗೆ ಹಾನಿಕರ. ಹಸುಗೂಸಿನ ಕಣ್ಣಿಗೆ ಹಚ್ಚಿದ ಪುಡಿ ಕೈಗಂಟಿ, ಕೈಯಿಂದ ಬಾಯಿಗೆ ಹೋಗುತ್ತದೆ. ಸುನ್ನತ್ ಎಂಬ ಹೆಸರನ್ನು ಪೇಟೆಯ ಯಾವುದೋ ಪುಡಿಗೆ ಅಂಟಿಸಿದರೆ ಅದು ಸುನ್ನತ್ ಆಗುವುದಿಲ್ಲ.

ಮದರಂಗಿಯ ವಿಷಯವೂ ಹಾಗೆಯೇ. ಶುದ್ಧ ಮದರಂಗಿ ಕಿತ್ತಳೆಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಗಂಟೆಗಳೇ ಬೇಕು. ಕೆಲವೇ ನಿಮಿಷಗಳಲ್ಲಿ ಕಡುಕಪ್ಪು ಬಣ್ಣ ಬಿಡುವ "ಕಪ್ಪು ಮದರಂಗಿ"ಯಲ್ಲಿ ಸಾಮಾನ್ಯವಾಗಿ ಕೂದಲಿನ ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಮದುವೆಯ ದಿನ ಕೈತುಂಬ ಬೊಬ್ಬೆಗಳೇಳಲು ಅದು ಸಾಕು.

ನಾಲ್ಕನೆಯದು, ಆ ತಾಯಿಯ ಪ್ರಶ್ನೆ. ಪಟ್ಟಿಯಲ್ಲಿ 'ಸೀಟೈಲ್ ಆಲ್ಕೋಹಾಲ್', 'ಸ್ಟಿಯರೈಲ್ ಆಲ್ಕೋಹಾಲ್' ಎಂದಿದ್ದರೆ ಹೆದರಬೇಕಾಗಿಲ್ಲ. ಅವು ಮೇಣದಂತಹ ವಸ್ತುಗಳು; ಅಮಲೇರಿಸುವುದಿಲ್ಲ. ಇಥೈಲ್ ಆಲ್ಕೋಹಾಲ್‌ನ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಿಮ್ಮ ಊರಿನ ವಿದ್ವಾಂಸರಲ್ಲಿ ಕೇಳಿರಿ. ಆದರೆ ಕುರ್‌ಆನ್ (2:168) ಆಹಾರದ ಬಗ್ಗೆ ಹೇಳುವಾಗ 'ಹಲಾಲ್' ಎಂಬುದರ ಜೊತೆಗೆ 'ತಯ್ಯಿಬ್' (ಶುದ್ಧ) ಎಂಬುದನ್ನೂ ಸೇರಿಸಿದೆ. ಆಲ್ಕೋಹಾಲನ್ನು ಹುಡುಕುವ ನಾವು ವಿಷವನ್ನು ಮರೆತರೆ ಆ ಪಾಠದ ಅರ್ಧವನ್ನು ಮಾತ್ರ ಕಲಿತಂತೆ. ನಮ್ಮ ಕೈಯಾರೆ ನಮ್ಮನ್ನು ನಾಶಕ್ಕೆ ತಳ್ಳಬಾರದೆಂಬುದೂ (2:195) ಅಲ್ಲಾಹನ ಆದೇಶವೇ.

ಈ ವಸ್ತುಗಳನ್ನು ಮಾರುವ ಸಹೋದರರಿಗೂ ಒಂದು ಮಾತು. ಮದೀನದ ಪೇಟೆಯಲ್ಲಿ ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ತೇವ ತಾಗಿತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ತನ್ನವನಲ್ಲವೆಂದು ಎಚ್ಚರಿಸಿದರು (ಮುಸ್ಲಿಮ್). ವಿಳಾಸವಿಲ್ಲದ ಡಬ್ಬಿಯನ್ನು "ಗಲ್ಫ್ ಮಾಲು" ಎಂದು ಮಾರುವವನು ಆ ರಾಶಿಯನ್ನು ನೆನಪಿಸಿಕೊಳ್ಳಲಿ.

ಹಾಗಾದರೆ ಮಾಡಬೇಕಾದುದೇನು? ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರ್, ಬಳಕೆಯ ಕೊನೆಯ ದಿನಾಂಕ, ಪರವಾನಗಿ ಸಂಖ್ಯೆ, ವಿದೇಶದ್ದಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆ ಇಲ್ಲದ ವಸ್ತುವನ್ನು ಕೊಳ್ಳಬೇಡಿರಿ. 'ಮರ್ಕ್ಯುರಿ', 'ಕ್ಯಾಲೊಮೆಲ್' ಎಂದಿದ್ದರೆ ಮುಟ್ಟಲೇಬೇಡಿರಿ. ಹಚ್ಚುತ್ತಿರುವವರಿಗೆ ಕಾಲು ಊದಿಕೊಂಡರೆ, ಮೂತ್ರ ನೊರೆಯಾದರೆ ತಡಮಾಡದೆ ವೈದ್ಯರ ಬಳಿ ಹೋಗಿ ಕ್ರೀಮನ್ನೂ ತೋರಿಸಿರಿ. ಸ್ಟಿರಾಯ್ಡ್ ಹಚ್ಚುತ್ತಿದ್ದವರು ವೈದ್ಯರ ಸಲಹೆಯಂತೆ ಬಿಡಿರಿ.

ಆ ತಾಯಿ ಡಬ್ಬಿಯನ್ನು ನನ್ನಲ್ಲೇ ಬಿಟ್ಟು ಹೋದರು. ಹೋಗುವಾಗ, "ಹುಡುಗನ ಮನೆಯವರಿಗೆ ಏನು ಹೇಳಲಿ?" ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರಿಸಬೇಕಾದವರು ಆ ತಾಯಿಯಲ್ಲ. ಹೆಣ್ಣು ನೋಡಲು ಹೋಗುವ ನಾವು ನೀವು. ನಮ್ಮ ಒಂದು ಮಾತು ಓರ್ವ ಹೆಣ್ಣುಮಗಳ ಮೂತ್ರಪಿಂಡಕ್ಕೆ ವಿಷವಾಗಬಹುದು ಎಂಬ ಭಯ ನಮಗಿರಲಿ.

ತನ್ನ ರೂಪವನ್ನು ಚಂದಗೊಳಿಸಿದಂತೆ ಸ್ವಭಾವವನ್ನೂ ಚಂದಗೊಳಿಸೆಂದು ಪ್ರವಾದಿ(ಸ)ರು ಪ್ರಾರ್ಥಿಸುತ್ತಿದ್ದರು. ಅಲ್ಲಾಹನು ನಮಗೂ ಆ ಸೌಂದರ್ಯವನ್ನು ಕರುಣಿಸಲಿ. ಆಮೀನ್.